ಕಿಟಕಿ ಗಾಜಿನಲ್ಲಿದ್ದ ಮುಖ

ಟೆಹರಾನಿನಿಂದ ಆ ಸಿನಿಮಾ ನಮ್ಮ ಕೈಗೆ ಬಂದಾಗ ಹಾರ್ಡ್ ಡಿಸ್ಕಿನ ಮೇಲೆ ಫಾರ್ಸಿಯಲ್ಲಿ ‘ತಂಗಿಯ ಮದುವೆ’ ಎಂದು ಬರೆದ ಚೀಟಿ ಅಂಟಿಸಿತ್ತು. ಒಳಗೆ ಮದುವೆ ಇರಲಿಲ್ಲ. ಸರ್ಕಾರದ ಅನುಮತಿ ಇಲ್ಲದೆ ಕದ್ದುಮುಚ್ಚಿ ಚಿತ್ರೀಕರಿಸಿದ ಒಂದು ಪೂರ್ತಿ ಸಿನಿಮಾ ಇತ್ತು. ಅದರ ನಿರ್ದೇಶಕರ ಪಾಸ್‌ಪೋರ್ಟನ್ನು ಅಲ್ಲಿನ ಸರ್ಕಾರ ಕಿತ್ತುಕೊಂಡಿತ್ತು. ಸಿನಿಮಾ ಮಾಡಕೂಡದು ಎಂಬ ಆದೇಶವೂ ಅವರ ಮೇಲಿತ್ತು. ಹಾಗಾಗಿ ಡಿಸ್ಕ್ ಯಾರ್ಯಾರದೋ ಸೂಟ್‌ಕೇಸಿನಲ್ಲಿ ದೇಶದೇಶ ಸುತ್ತಿ, ಅವರ ಸಂಕಲನಕಾರ್ತಿಯ ಕೈಸೇರಿತ್ತು. ಆಕೆ ಬಹಳ ವರ್ಷಗಳಿಂದ ಲಾಸ್ ಏಂಜಲೀಸಿನಲ್ಲೇ ಇರುವ ಇರಾನಿ ಹೆಂಗಸು. ಎಡಿಟಿಂಗ್ ಮುಗಿಸಿ ಅದನ್ನು ನಮ್ಮ ಸ್ಟುಡಿಯೋಗೆ ತಂದಿದ್ದರು.

ನನ್ನದು ಫಿನಿಷಿಂಗ್ ಕೆಲಸ. ಎಡಿಟಿಂಗ್ ಮುಗಿದ ಮೇಲೆ ಒಂದೊಂದು ಶಾಟನ್ನೂ ಸ್ವಚ್ಛ ಮಾಡುವುದು, ಬಣ್ಣ ಹೊಂದಿಸುವುದು, ಥಿಯೇಟರಿಗೆ ಹೋಗುವ ಕೊನೆಯ ಫೈಲ್ ತಯಾರಿಸುವುದು. ಹಾಲಿವುಡ್ಡಿನ ಬರಹಗಾರರ, ನಟರ ಮುಷ್ಕರ ಆಗಷ್ಟೇ ಮುಗಿದಿತ್ತು. ನಮ್ಮ ಕಟ್ಟಡದ ಅರ್ಧ ಕೋಣೆಗಳಲ್ಲಿ ದೀಪವೇ ಹತ್ತುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಕೆಲಸ ಸಿಕ್ಕಿದ್ದೇ ದೊಡ್ಡದು, ಅದರಲ್ಲೂ ಇಂಥ ಸಿನಿಮಾ. ಲಾಂಗ್ ಬೀಚಿನಲ್ಲಿ ಓದುವಾಗ ಇರಾನಿನ ಹಿರಿಯ ನಿರ್ದೇಶಕರ ಚಿತ್ರಗಳನ್ನು ನೋಡಿಯೇ ನಾನು ಸಿನಿಮಾದ ಕಡೆಗೆ ತಿರುಗಿದ್ದೆ. ಮಕ್ಕಳು, ಮೇಷ್ಟ್ರುಗಳು, ಟ್ರಕ್ ಓಡಿಸುವವರು ಅಲ್ಲಿ ನಟರು. ಕಾರಿನೊಳಗೇ ಅರ್ಧ ಸಿನಿಮಾ. ಒಂದು ಶಾಟ್ ಶುರುವಾದರೆ ಮುಗಿಯುವ ಅವಸರವೇ ಇಲ್ಲ. ಈ ನಿರ್ದೇಶಕರು ಅವರ ಶಿಷ್ಯರ ಶಿಷ್ಯರು.

ಕಥೆ ಸರಳ. ಅಪ್ಪ ತೀರಿಕೊಂಡ ಮೇಲೆ ಇಬ್ಬರು ಅಕ್ಕತಂಗಿಯರು ಅವನ ಹಳೆಯ ಫ್ರಿಜ್ಜನ್ನು ಪಿಕಪ್ ವ್ಯಾನಿಗೆ ಹೇರಿಕೊಂಡು ಮಾರಲು ಟೆಹರಾನ್ ಸುತ್ತುತ್ತಾರೆ. ಯಾರೂ ಕೊಳ್ಳುವುದಿಲ್ಲ. ಸುತ್ತುತ್ತ ಸುತ್ತುತ್ತ ಅವರು ಅಪ್ಪನ ಬಗ್ಗೆ ಇಷ್ಟು ವರ್ಷ ಬಾಯಿಬಿಡದ್ದನ್ನೆಲ್ಲ ಆಡುತ್ತಾರೆ. ಅಷ್ಟೇ.

ನಿರ್ದೇಶಕರು ಒಂದೇ ಷರತ್ತು ಹಾಕಿದ್ದರು. ನಟಿಯರಿಬ್ಬರೂ ತಮ್ಮ ಮುಖ ಜಗತ್ತಿಗೆ ಕಾಣುತ್ತದೆ ಎಂದು ತಿಳಿದೇ ಒಪ್ಪಿದ್ದರು. ಆದರೆ ಕ್ಯಾಮೆರಾ ಹಿಂದೆ ಇದ್ದವರ ಸುಳಿವು ಎಲ್ಲೂ ಉಳಿಯಕೂಡದು. ಅದಕ್ಕೆ ನಾನು ಮೊದಲು ಮಾಡಿದ್ದು ಬಣ್ಣದ ಕೆಲಸವಲ್ಲ, ಅಳಿಸುವ ಕೆಲಸ. ಒಂದೊಂದು ವಿಡಿಯೋ ಫೈಲಿನೊಳಗೂ ಕ್ಯಾಮೆರಾದ ನಂಬರು, ಚಿತ್ರೀಕರಿಸಿದ ಜಾಗ, ಹೊತ್ತು ಎಲ್ಲ ತಾನಾಗಿ ದಾಖಲಾಗಿರುತ್ತದೆ. ಅದನ್ನು ಒರೆಸಿದೆ. ಧ್ವನಿಯ ಫೈಲುಗಳ ಶುರುವಿನಲ್ಲಿ ಒಂದು ಹೆಣ್ಣು ದನಿ ಶಾಟಿನ ನಂಬರನ್ನು ಪಿಸುಗುಟ್ಟುತ್ತಿತ್ತು. ಅದನ್ನು ಕತ್ತರಿಸಿದೆ. ಅಂಗಡಿಗಳ ಬೋರ್ಡು, ಹಿಂದೆ ನಿಂತ ಕಾರುಗಳ ನಂಬರ್ ಪ್ಲೇಟು, ಯಾರ ಮನೆಯ ಬಾಲ್ಕನಿಯಲ್ಲಿ ಕ್ಯಾಮೆರಾ ಇಟ್ಟಿದ್ದರೋ ಆ ಬಾಲ್ಕನಿಯ ಕಂಬಿ, ಇವನ್ನೂ ಅಳಿಸಿದೆ. ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

ಆಮೇಲೆ ಆ ಶಾಟ್ ಬಂತು. ಸಿನಿಮಾದ ಹೃದಯ ಅದೇ. ತಂಗಿ ಪಿಕಪ್ಪಿನಲ್ಲಿ ಒಬ್ಬಳೇ ಅಳು ನುಂಗುತ್ತ ಕೂತಿದ್ದಾಳೆ, ಗಾಜು ಏರಿಸಿದೆ, ಕ್ಯಾಮೆರಾ ಹೊರಗಿನಿಂದ ಅವಳನ್ನೇ ನೋಡುತ್ತಿದೆ. ನಡುವೆ ಎಲ್ಲೂ ಕತ್ತರಿಯಿಲ್ಲ. ಬಣ್ಣ ಹೊಂದಿಸಲು ನೆರಳಿನ ಭಾಗವನ್ನು ಸ್ವಲ್ಪ ಬೆಳಗಿಸಿದೆ. ಗಾಜಿನ ಮೇಲೆ, ನಟಿಯ ಕೆನ್ನೆಯ ಮೇಲೆಯೇ, ಇನ್ನೊಂದು ಮುಖ ಮೂಡಿತು.

ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಮೈಕಿನ ಕೋಲು, ತಲೆಯ ಮೇಲೆ ಬಟ್ಟೆಯಿಲ್ಲ. ಮೂವತ್ತರ ಆಸುಪಾಸಿನ ಹೆಂಗಸು. ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಶಬ್ದ ಹಿಡಿಯುವವಳು ಅವಳೇ. ಪಿಸುಗುಟ್ಟಿದ ದನಿಯೂ ಅವಳದೇ. ಮಂಕಾದ ಎಡಿಟಿಂಗ್ ಕಾಪಿಯಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದೊಡ್ಡ ಪರದೆಯ ಮೇಲೆ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿತ್ತು. 2022ರ ಹಿಜಾಬ್ ವಿರೋಧಿ ಪ್ರತಿಭಟನೆಗಳ ನಂತರ ಬರಿತಲೆಯಲ್ಲಿ, ಅಕ್ರಮ ಚಿತ್ರೀಕರಣದಲ್ಲಿ ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಸಂಕಲನಕಾರ್ತಿ ನನಗೆ ವಿವರಿಸಬೇಕಾಗಲಿಲ್ಲ. ಆಕೆ ಪರದೆಯ ಹತ್ತಿರ ಹೋಗಿ ಆ ಮುಖದ ಮೇಲೆ ತಮ್ಮ ಅಂಗೈ ಇಟ್ಟರು. ನಿರ್ದೇಶಕರಿಗೆ ಸುದ್ದಿ ಹೋಯಿತು. ಅವರ ವಾಯ್ಸ್ ಮೆಸೇಜ್ ಚಿಕ್ಕದಿತ್ತು: ಅವಳನ್ನು ತೆಗೆಯಿರಿ, ಶಾಟನ್ನು ಕೊಲ್ಲಬೇಡಿ.

ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಗೋಡೆಯ ಮೇಲಿನ ನೆರಳಾದರೆ ಪಕ್ಕದ ಗೋಡೆಯ ತುಂಡನ್ನು ತಂದು ಮುಚ್ಚಬಹುದು. ಇಲ್ಲಿ ಮುಖದ ಮೇಲೆ ಮುಖ. ಕ್ಯಾಮೆರಾ ಕೈಯಲ್ಲಿದ್ದದ್ದರಿಂದ ಚೂರು ಅಲುಗುತ್ತಿತ್ತು. ಗಾಜಿನ ಮೇಲೆ ಧೂಳು, ಬೆರಳಚ್ಚು. ಪ್ರತಿಬಿಂಬ ನಟಿಯ ಕೆನ್ನೆಯಿಂದ ಕಣ್ಣಿಗೆ ಸರಿದು ಮತ್ತೆ ಕೆನ್ನೆಗೆ ಬರುತ್ತಿತ್ತು. ಮೊದಲು, ಪ್ರತಿಬಿಂಬ ಬೀಳದ ಫ್ರೇಮುಗಳಿಂದ ಕೆನ್ನೆಯನ್ನು ಎತ್ತಿ ತಂದು ಹೊಂದಿಸಿದೆ. ಒಂದೊಂದು ಫ್ರೇಮನ್ನೂ ಕೈಯಲ್ಲೇ ತಿದ್ದಿದೆ. ವಾರಗಳು ಹೋದವು. ಫಲಿತಾಂಶ ನೋಡಿ ನನಗೇ ತೃಪ್ತಿಯಾಯಿತು. ನಿರ್ದೇಶಕರು ಅಲ್ಲಿ ತಮ್ಮ ಫೋನಿನಲ್ಲಿ ನೋಡಿ ಕೇಳಿದರು: ಇವಳು ಯಾಕೆ ಸತ್ತವಳ ಹಾಗಿದ್ದಾಳೆ?

ಅವರ ಮಾತು ಸರಿಯಾಗಿತ್ತು. ಗಂಟಲು ಉಬ್ಬುವಾಗ ಕೆನ್ನೆಯೂ ಅದುರಬೇಕು. ನಾನು ತಂದು ಹಾಕಿದ ಕೆನ್ನೆ ಬೇರೆ ಗಳಿಗೆಯದು, ಅದಕ್ಕೆ ಈ ದುಃಖ ಗೊತ್ತಿರಲಿಲ್ಲ. ಕಂಪ್ಯೂಟರಿನ ಹೊಸ ಸಾಫ್ಟ್‌ವೇರುಗಳನ್ನು ಹಚ್ಚಿ ನೋಡಿದೆ. ಅವು ಅವಳಿಗೆ ಮೇಣದ ಚರ್ಮ ಹಾಕಿ ಕೊಟ್ಟವು.

ಆಗ ಹೊಳೆದದ್ದು, ಪ್ರತಿಬಿಂಬವನ್ನು ಅಳಿಸುವುದೇ ಬೇಡ, ಬೇರೆ ಪ್ರತಿಬಿಂಬದಿಂದ ಮುಚ್ಚೋಣ ಎಂದು. ಟೆಹರಾನಿನ ರಸ್ತೆಗಳ ಎರಡೂ ಬದಿಗೆ ಚಿನಾರ್ ಮರಗಳು. ಅದೇ ಕುಲದ ಸಿಕಮೋರ್ ಮರ ಇಲ್ಲಿ ಲಾಸ್ ಏಂಜಲೀಸಿನ ಸುತ್ತಲೂ ಇದೆ. ತೊಗಟೆ ಹಾಗೇ ಸುಲಿದು ಸುಲಿದು ಬಿಳಿ ಕಲೆ ಬಿದ್ದಿರುತ್ತದೆ. ಹತ್ತಿರದ ಊರು ಪೊಮೊನಾದಲ್ಲಿ ಅಂಥ ಮರಗಳಿರುವ ಒಂದು ಬೀದಿ ನನಗೆ ಗೊತ್ತಿತ್ತು. ಹಳೆಯ ಪಿಕಪ್ ಬಾಡಿಗೆಗೆ ತಂದು, ಗಾಜಿಗೆ ಧೂಳು ಬಳಿದು, ಒಳಗೆ ಕಪ್ಪು ಬಟ್ಟೆ ಕಟ್ಟಿ, ಬಿಸಿಲು ಅದೇ ಓರೆಗೆ ಬರುವವರೆಗೆ ಕಾದೆವು. ಕ್ಯಾಮೆರಾ ನಾನು ಹಿಡಿದೆ. ಪ್ರತಿಬಿಂಬ ಮೂಲದ ಹಾಗೇ ಸರಿಯಲೆಂದು ಸಂಕಲನಕಾರ್ತಿ ಪಿಕಪ್ಪಿನ ಬಾಗಿಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತ ನಿಂತರು. ಮನೆಯಿಂದ ಹೊರಗೆ ಬಂದ ಮುದುಕಿಯೊಬ್ಬರು ಏನು ಶೂಟಿಂಗ್ ಎಂದು ಕೇಳಿದ್ದಕ್ಕೆ ಆಕೆ, ‘ಮರದ್ದು’ ಎಂದರು.

ಕಾಂಡದ ಪ್ರತಿಬಿಂಬ ಹೆಂಗಸಿನ ಮೇಲೆ ಕೂತಿತು. ನಟಿಯ ಕೆನ್ನೆ ಅದುರುವುದು ಅದರ ಅಡಿಯಿಂದಲೂ ಕಂಡಿತು. ನಿರ್ದೇಶಕರಿಂದ ಒಂದೇ ಪದ ಬಂತು. ಸಂಕಲನಕಾರ್ತಿ ಅದನ್ನು ಅನುವಾದಿಸಿದರು: ಉಸಿರಾಡುತ್ತಿದ್ದಾಳೆ.

ಇಲ್ಲಿಗೆ ಕೆಲಸ ಮುಗಿಯಬೇಕಿತ್ತು.

ಸಿನಿಮಾವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡುವ ವಿತರಕ ನಮ್ಮ ಸ್ಟುಡಿಯೋದಲ್ಲಿ ಅಂತಿಮ ಪ್ರತಿ ನೋಡಲು ಬಂದ. ಲಿನನ್ ಅಂಗಿ ತೊಟ್ಟ, ಮೆಲುದನಿಯ, ಎಲ್ಲರಿಗೂ ಒಳ್ಳೆಯವನಾಗಿ ಕಾಣುವ ಮನುಷ್ಯ. ಮರದ ಕೆಲಸವನ್ನು ಮೆಚ್ಚಿದ. ಮೊದಲು ಏನಿತ್ತು, ತೋರಿಸಿ ಅಂದ. ನಮ್ಮ ಸ್ಟುಡಿಯೋದ ಮಾಲೀಕರು ತೋರಿಸು ಎಂದು ಸನ್ನೆ ಮಾಡಿದರು. ತೋರಿಸಿದೆ. ಅವನು ಕುರ್ಚಿಯ ತುದಿಗೆ ಬಂದು ಕೂತ.

ಇದನ್ನು ಯಾಕೆ ತೆಗೆದಿರಿ ಎಂದು ಅವನು ನಿಜವಾಗಿಯೂ ನೊಂದವನಂತೆ ಕೇಳಿದ. ಆಮೇಲೆ ಪಾಠ ಶುರುವಾಯಿತು. ಇರಾನಿನ ದೊಡ್ಡ ನಿರ್ದೇಶಕರೆಲ್ಲ ಕ್ಯಾಮೆರಾವನ್ನು ತೋರಿಸಿದ್ದಾರೆ, ತಂತ್ರಜ್ಞರನ್ನು ತೋರಿಸಿದ್ದಾರೆ, ಇದು ಸಿನಿಮಾ ಎಂದು ಸಿನಿಮಾದೊಳಗೇ ಹೇಳಿದ್ದಾರೆ. ಅದೇ ಅವರು ಜಗತ್ತಿಗೆ ಕೊಟ್ಟ ಕಾಣಿಕೆ. ಈ ಮುಖ ಆ ಪರಂಪರೆಯೇ ತಾನಾಗಿ ಬಂದು ಗಾಜಿನ ಮೇಲೆ ಕೂತ ಹಾಗಿದೆ.

ಅವನ ಒಂದು ಮಾತೂ ಸುಳ್ಳಲ್ಲ, ಅದೇ ನನ್ನ ಮೈ ಉರಿಸಿದ್ದು. ಆ ಹಿರಿಯರು ಕ್ಯಾಮೆರಾ ತೋರಿಸಿದರೆ ಅದು ಅವರ ನಿರ್ಧಾರ, ಕಾಣಿಸಿಕೊಂಡವರ ಒಪ್ಪಿಗೆ. ಇವಳು ಕಣ್ಣು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದಳು.

“ಈ ಹೆಂಗಸನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಬೇಡ ಅಂತಿದ್ದಳು,” ಎಂದೆ.

“ಖಂಡಿತ, ಸುರಕ್ಷತೆಯೇ ಮೊದಲು,” ಅಂದ ಅವನು, ಫೋನಿನಲ್ಲಿ ಏನೋ ಬರೆದುಕೊಳ್ಳುತ್ತ.

ಒಪ್ಪಂದದ ಪ್ರಕಾರ ಸಿನಿಮಾದ ಅಂತಿಮ ರೂಪದ ಮೇಲೆ ನಿರ್ದೇಶಕರದೇ ಹಕ್ಕು. ವಿತರಕ ಅದನ್ನು ಮುಟ್ಟುವಂತಿರಲಿಲ್ಲ. ಆದರೆ ಪೋಸ್ಟರು, ಪ್ರಚಾರ, ಫೋಟೋ ಎಲ್ಲ ಅವನ ಕೈಯಲ್ಲಿತ್ತು. ಎರಡು ದಿನ ಬಿಟ್ಟು ಮಾಲೀಕರು ನನ್ನ ಕೋಣೆಗೆ ಬಂದು, ವಿತರಕನಿಗಾಗಿ ಮೂಲ ಶಾಟಿನಿಂದ ಆ ಮುಖವಿರುವ ಒಂದು ಫ್ರೇಮನ್ನು ಪೋಸ್ಟರಿಗೆ ಸಾಲುವಷ್ಟು ದೊಡ್ಡದಾಗಿ ತೆಗೆದುಕೊಡು ಎಂದರು.

ಆಗಲ್ಲ ಎಂದೆ. ಒಂದೇ ಒಂದು ಫ್ರೇಮ್ ತಾನೇ, ಅದೂ ಮಸುಕು, ಅಂದರು. ಮಸುಕಲ್ಲ, ನಿಮಗೂ ಗೊತ್ತು ಎಂದೆ. ಅವರು ಕೆಟ್ಟವರಲ್ಲ. ಮುಷ್ಕರದ ಸಮಯದಲ್ಲಿ ಎಲ್ಲರನ್ನೂ ಕೆಲಸದಲ್ಲಿ ಉಳಿಸಿಕೊಳ್ಳಲು ಒದ್ದಾಡಿದವರು. ಗ್ರಾಹಕರು ಕೇಳಿದ್ದನ್ನು ಕೊಡುವುದು ನಮ್ಮ ಕೆಲಸ, ನೀತಿಯ ಪ್ರಶ್ನೆ ಅವರವರದು, ನಾಳೆಯವರೆಗೆ ಯೋಚನೆ ಮಾಡು ಎಂದು ಹೇಳಿ ಹೋದರು.

ನನ್ನ ಗಂಡ ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಎಂಜಿನಿಯರ್. ವಾರವೆಲ್ಲ ನಾನು ಲಾಸ್ ಏಂಜಲೀಸಿನ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಭಾನುವಾರ ಅಲ್ಲಿಗೆ ಹೋಗುತ್ತಿದ್ದೆ. ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ನೋಡು, ನಿನ್ ವೀಸಾ ಇರೋದು ಆ ಕಂಪನಿ ಮೇಲೆ. ಗ್ರೀನ್ ಕಾರ್ಡಿಗೂ ಅವ್ರೇ ಅಪ್ಲೈ ಮಾಡಿರೋದು,” ಅಂದ. “ನೀನ್ ಕೊಡ್ಲಿಲ್ಲ ಅಂದ್ರೆ ಪಕ್ಕದ ರೂಮಿನವ್ನು ಕೊಡ್ತಾನೆ. ಏನ್ ಸಾಧನೆ ಆಯ್ತು?”

“ಅವನಿಗೆ ಕೊಡೋಕೆ ಅಲ್ಲಿ ಏನೂ ಇರಬಾರ್ದು, ಅಷ್ಟೇ.”

ಅವನು ಕೇಳಿದ: “ಡಿಸ್ಕು ಯಾರ್ದು? ಕಾಗದದ ಮೇಲೆ?”

ಡಿಸ್ಕ್ ನಿರ್ದೇಶಕರದು. ಇಲ್ಲಿ ಅವರ ಪರವಾಗಿ ಸಹಿ ಹಾಕುವ ಅಧಿಕಾರ ಸಂಕಲನಕಾರ್ತಿಗಿತ್ತು. ಇದು ನನಗೆ ಗೊತ್ತಿದ್ದದ್ದೇ, ಆದರೆ ಬೇರೆಯವರ ಬಾಯಿಂದ ಕೇಳಬೇಕಿತ್ತೇನೋ. ಬೆಳಿಗ್ಗೆ ಆಕೆಗೆ ಫೋನ್ ಮಾಡಿ, ಗ್ರಾಹಕರ ಮಾತನ್ನು ಹೊರಗೆ ಹೇಳಬಾರದೆಂಬ ನಿಯಮ ಮುರಿದು, ನಡೆದದ್ದನ್ನು ತಿಳಿಸಿದೆ. ಆಕೆ ಬಂದು ಸಹಿ ಹಾಕಿ, ಮೂಲ ಡಿಸ್ಕನ್ನು ವಾಪಸ್ ಪಡೆದರು. ನಮ್ಮ ಸರ್ವರಿನಲ್ಲಿದ್ದ ಅದರ ಪ್ರತಿಯನ್ನು ಅಳಿಸುವಂತೆಯೂ ಬರೆದುಕೊಟ್ಟರು. ನಾನು ಅಳಿಸಿದೆ. ಆಮೇಲೆ ಮಾಲೀಕರ ಕೋಣೆಗೆ ಹೋಗಿ ನಾನೇ ಹೇಳಿದೆ. ಅವರು ಕೂಗಾಡಲಿಲ್ಲ. ಈ ಸಿನಿಮಾದಿಂದ ನನ್ನನ್ನು ತೆಗೆದುಹಾಕಿದರು. ಕೆಲಸದಿಂದ ತೆಗೆಯುವುದೋ ಇಲ್ಲವೋ ಆಮೇಲೆ ನೋಡೋಣ ಎಂದರು.

ಗೆದ್ದೆವು ಅಂದುಕೊಂಡು ನಾನೂ ಸಂಕಲನಕಾರ್ತಿಯೂ ಸ್ಯಾನ್ ಡಿಯಾಗೋಗೆ ಹೊರಟೆವು. ಅಲ್ಲೊಂದು ವಿಶ್ವವಿದ್ಯಾಲಯದಲ್ಲಿ ಚಿತ್ರದ ಮೊದಲ ಪ್ರದರ್ಶನ. ಕೊನೆಗೆ ಇರಾನಿ ಸಿನಿಮಾದ ಪರಿಣತರಾದ ಪ್ರಾಧ್ಯಾಪಕರೊಬ್ಬರ ಮಾತು. ಡೆಲ್ ಮಾರ್ ದಾಟುವಾಗ ಬಲಗಡೆ ಸಮುದ್ರ ಹೊಳೆಯುತ್ತಿತ್ತು. ಸಂಕಲನಕಾರ್ತಿ ಆ ದಿನ ಮೊದಲ ಸಲ ತಮ್ಮ ಅಮ್ಮನ ಅಡುಗೆಯ ವಿಷಯ ಮಾತಾಡಿದರು.

ಸಭಾಂಗಣದ ಬಾಗಿಲಲ್ಲಿ ಆಳೆತ್ತರದ ಫೋಮ್ ಬೋರ್ಡ್ ನಿಂತಿತ್ತು. ಅದರ ತುಂಬ ಅವಳ ಮುಖ. ಮುಚ್ಚಿದ ಕಣ್ಣು, ಹೆಡ್‌ಫೋನ್, ಬಿಚ್ಚುಗೂದಲು. ಕೆಳಗೆ ಇಂಗ್ಲಿಷಿನಲ್ಲಿ ‘ಕಾಣಬಾರದಿದ್ದವಳು’ ಎಂಬರ್ಥದ ಸಾಲು. ಅಂದು ಸ್ಟುಡಿಯೋದಲ್ಲಿ ಬರೆದುಕೊಳ್ಳುವವನಂತೆ ಕೂತಿದ್ದ ವಿತರಕ ಪರದೆಯ ಫೋಟೋ ಹೊಡೆದುಕೊಂಡಿದ್ದ. ಅದನ್ನು ಯಾವುದೋ ಸಾಫ್ಟ್‌ವೇರಿಗೆ ಕೊಟ್ಟು ಚುರುಕು ಮಾಡಿಸಿದ್ದ. ಮೂಲಕ್ಕಿಂತ ಸ್ಪಷ್ಟವಾಗಿತ್ತು. ವಿದ್ಯಾರ್ಥಿಗಳು ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಪ್ರಾಧ್ಯಾಪಕರು ನಗುತ್ತ ಕೈಕುಲುಕಲು ಬಂದರು. ಇದನ್ನು ತೆಗೆಸಿ ಎಂದು ನಾನು ಹೇಳಿದ್ದಕ್ಕೆ, ಈ ಫೋಟೋದ ಮೇಲೆಯೇ ತಮ್ಮ ಇವತ್ತಿನ ಭಾಷಣ ನಿಂತಿದೆ ಎಂದರು. ಸಂಕಲನಕಾರ್ತಿ ಅವರ ಮುಂದೆ ಹೋಗಿ ನಿಂತರು. ಆಕೆಯ ದನಿ ಏರಲಿಲ್ಲ.

“ಇವಳಿಗೊಂದು ಹೆಸರಿದೆ. ಅದನ್ನು ಇಲ್ಲಿ ಹೇಳಿದರೆ ಅಲ್ಲಿ ಅವಳ ಬಾಗಿಲು ತಟ್ಟುತ್ತಾರೆ. ನಿಮ್ಮ ಭಾಷಣದಲ್ಲಿ ಇದು ಎಷ್ಟನೇ ಪುಟದಲ್ಲಿ ಬರುತ್ತದೆ?”

ಪ್ರಾಧ್ಯಾಪಕರು ವಿತರಕನ ಕಡೆ ನೋಡಿದರು. ವಿತರಕ ಬಂದು, ನಿಮ್ಮ ಭಾವನೆ ಅರ್ಥವಾಗುತ್ತದೆ, ಪ್ರದರ್ಶನ ಮುಗಿದ ಮೇಲೆ ಕೂತು ಮಾತಾಡೋಣ ಎಂದ. ನನ್ನ ಭಾವನೆ ಅವನಿಗೆ ಅರ್ಥವಾಗಿರಲಿಲ್ಲ. ಬೋರ್ಡನ್ನು ಎತ್ತಿಕೊಂಡು ಹೊರಗೆ ನಡೆದೆ. ಕಾರಿನಲ್ಲಿ ಹಿಡಿಸಲಿಲ್ಲ. ಮೊಣಕಾಲಿಗೆ ಕೊಟ್ಟು ಮುರಿದೆ, ಮತ್ತೆ ಮುರಿದೆ, ತುಂಡುಗಳನ್ನು ಡಿಕ್ಕಿಗೆ ತುಂಬಿದೆ. ಯಾರೂ ತಡೆಯಲಿಲ್ಲ. ಕೆಲವರು ಅದನ್ನೂ ವಿಡಿಯೋ ಮಾಡಿದರು.

ವಿಶ್ವವಿದ್ಯಾಲಯದ ವೆಬ್ ಪುಟದಲ್ಲೂ ಹಾಕಿದ್ದ ಆ ಫೋಟೋ ಮರುದಿನ ಮಧ್ಯಾಹ್ನ ಇಳಿಯಿತು. ವಿದ್ಯಾರ್ಥಿಗಳ ಫೋನಿನಲ್ಲಿದ್ದದ್ದು ಎಲ್ಲೆಲ್ಲಿಗೆ ಹೋಯಿತೋ ಬಲ್ಲವರಿಲ್ಲ. ಮುಂದಿನ ತಿಂಗಳು ಅವಳನ್ನು ಟೆಹರಾನಿನಲ್ಲಿ ವಿಚಾರಣೆಗೆ ಕರೆದರು. ಅವಳ ರೆಕಾರ್ಡರು, ಮೈಕು, ಲ್ಯಾಪ್‌ಟಾಪು, ತಾಯಿಯ ಫೋನು ಎಲ್ಲವನ್ನೂ ಒಯ್ದರು. ಫೋಟೋದಿಂದಲೇ ಹೀಗಾಯಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ವಿತರಕ ಅದನ್ನೇ ಹೇಳಿದ, ಪುರಾವೆ ಏನಿದೆ ಎಂದು. ಅದೇ ವಾರ ಅವನ ಪತ್ರಿಕಾ ಪ್ರಕಟಣೆ ಬಂತು: ನಮ್ಮ ಚಿತ್ರತಂಡದ ಸದಸ್ಯೆಯೊಬ್ಬರು ವಿಚಾರಣೆ ಎದುರಿಸುತ್ತಿದ್ದಾರೆ, ಇಂಥ ಧೈರ್ಯದ ಸಿನಿಮಾವನ್ನು ತಪ್ಪದೆ ನೋಡಿ. ಟಿಕೆಟ್ ಕೊಳ್ಳುವ ಲಿಂಕು ಕೆಳಗೇ ಇತ್ತು.

ಅದನ್ನು ಓದಿದಾಗ ನಾನು ಸ್ಯಾನ್ ಡಿಯಾಗೋದ ಮನೆಯಲ್ಲಿ ಒಬ್ಬಳೇ ಇದ್ದೆ. ಫೋನನ್ನು ಗೋಡೆಗೆ ಎಸೆದೆ. ನನ್ನ ಗಂಡ ಬಂದು ಒಡೆದ ಗಾಜನ್ನು ಗುಡಿಸಿದ. ಈ ಸಲ ವೀಸಾದ ಮಾತೆತ್ತಲಿಲ್ಲ. “ಆ ಹುಡ್ಗಿನ ಬಿಟ್ರಾ?” ಎಂದು ಮಾತ್ರ ಕೇಳಿದ.

ಬಿಟ್ಟರು, ಮತ್ತೆ ಮತ್ತೆ ಕರೆದರು, ಮತ್ತೆ ಬಿಟ್ಟರು. ಸಿನಿಮಾದವರು ಯಾರೂ ಅವಳಿಗೆ ಕೆಲಸ ಕೊಡುವ ಧೈರ್ಯ ಮಾಡಲಿಲ್ಲ. ಒಂದು ರೆಕಾರ್ಡರನ್ನಾದರೂ ಕಳಿಸೋಣವೆಂದು ನಾನೂ ಸಂಕಲನಕಾರ್ತಿಯೂ ವಿಚಾರಿಸಿದೆವು. ಇಲ್ಲಿಂದ ಇರಾನಿಗೆ ಅಂಥದ್ದನ್ನು ಕಳಿಸುವುದಕ್ಕೆ ಅಮೆರಿಕದ ನಿರ್ಬಂಧ ಅಡ್ಡ ಬರುತ್ತದೆ ಎಂದರು ವಕೀಲರು. ಅವಳ ಮುಖವನ್ನು ಇಲ್ಲಿ ಹಂಚಲು ಯಾವ ಕಾನೂನೂ ಅಡ್ಡ ಬಂದಿರಲಿಲ್ಲ.

ಚಿತ್ರ ಬಿಡುಗಡೆಯಾಯಿತು, ಹೊಗಳಿಕೆ ಬಂತು. ಲಾಸ್ ಏಂಜಲೀಸಿನ ಒಂದು ಸಂಸ್ಥೆ ಮಧ್ಯಾಹ್ನದ ಭೋಜನಕೂಟದಲ್ಲಿ ಚಿತ್ರಕ್ಕೆ ಧೈರ್ಯದ ಪ್ರಶಸ್ತಿ ಕೊಟ್ಟಿತು. ನಿರ್ದೇಶಕರು ಬರುವಂತಿಲ್ಲ, ಆದ್ದರಿಂದ ಸ್ವೀಕರಿಸುವವನು ವಿತರಕ. ಅದನ್ನು ಅವಳ ಹೆಸರು ಹೇಳಿ ಅರ್ಪಿಸುತ್ತೇನೆ ಎಂದು ಸಂಕಲನಕಾರ್ತಿಗೆ ಬರೆದಿದ್ದ. ಆಕೆ ಅವಳನ್ನು ಕೇಳಿದರು. ಉತ್ತರ ಬಂತು: ಬೇಡ ಅನ್ನಿ, ನನ್ನ ಮಾತೇ ಎತ್ತಬೇಡಿ ಅನ್ನಿ.

ಸಮಾರಂಭಕ್ಕೆ ಮುಂಚೆ ಅವನನ್ನು ಹುಡುಕಿ ಇದನ್ನು ಹೇಳಿದವಳು ನಾನು. ಅವಳ ಹೆಸರಿನ ಮೊದಲ ಅಕ್ಷರ ಹೇಳಬಹುದೇ ಎಂದು ಕೇಳಿದ.

“ಬೇಡ ಅಂದರೆ ಬೇಡ. ಅವಳ ವಿಷಯವೇ ಬೇಡ,” ಎಂದೆ. ತಲೆಯಾಡಿಸಿ ನನ್ನ ತೋಳು ತಟ್ಟಿದ.

ವೇದಿಕೆ ಹತ್ತಿ ಪ್ರಶಸ್ತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಧನ್ಯವಾದಗಳೆಲ್ಲ ಮುಗಿದ ಮೇಲೆ ಮೈಕಿನ ಹತ್ತಿರ ಬಾಗಿದ. ಆಮೇಲೆ ಮೆಲ್ಲಗೆ ಹೇಳಿದ: “ಟೆಹರಾನಿನಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ತನ್ನ ಹೆಸರು ಹೇಳಬೇಡಿ ಎಂದು ಇವತ್ತು ಬೆಳಿಗ್ಗೆ ನನ್ನನ್ನು ಬೇಡಿಕೊಂಡಿದ್ದಾಳೆ.”

ಸಭೆಯೆಲ್ಲ ಎದ್ದು ನಿಂತಿತು. ನಮ್ಮ ಮೇಜಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಸಂಕಲನಕಾರ್ತಿಯೂ ಎದ್ದರು, ಆದರೆ ಬಾಗಿಲ ಕಡೆಗೆ. ನಾನು ಹಿಂದೆಯೇ ಹೋದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆಕೆ ಫುಟ್‌ಪಾತಿನ ಅಂಚಿನಲ್ಲಿ ಕೂತು ಚಪ್ಪಲಿ ಬಿಚ್ಚಿಟ್ಟರು. ನಾನು ಪಕ್ಕದಲ್ಲಿ ಕೂತೆ. ಅವಳಿಗೆ ಏನೆಂದು ಹೇಳುವುದು ಎಂದು ಕೇಳಿದರು. ಒಳಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.